ದೀಪದ ಕಂಬದ ಗೆರೆ

"ಇನ್ನೂ ಎರಡೂವರಿ ಮೊಳ ಇತ್ತಲ್ಲ?"

ಹೊನ್ನವ್ವ ಯಾರನ್ನೂ ಕೇಳಲಿಲ್ಲ. ಬಿದ್ದ ಗೋಡೆಯ ಮಣ್ಣಿನ ಗುಡ್ಡೆಯ ಮೇಲೆ ಕುಳಿತು, ಎದುರಿಗೆ ಒಂದೇ ಉಳಿದಿದ್ದ ಬಾಗಿಲ ಚೌಕಟ್ಟನ್ನು ನೋಡುತ್ತ ತನ್ನಷ್ಟಕ್ಕೇ ಅಂದಳು. ಸುತ್ತ ಗೋಡೆಯಿಲ್ಲ, ಮೇಲೆ ಮಾಳಿಗೆಯಿಲ್ಲ. ಚೌಕಟ್ಟಿಗೆ ದಸರೆಯ ದಿನ ಕಟ್ಟಿದ್ದ ಮಾವಿನ ತೋರಣ ಮಾತ್ರ ಕೆಸರು ಮೆತ್ತಿಕೊಂಡು ಹಾಗೇ ಇತ್ತು.

ಹಾದಿಯಲ್ಲಿ ಹೋಗುತ್ತಿದ್ದ ಕುತುಬುದ್ದೀನನಿಗೆ ಆ ಮಾತು ಕೇಳಿಸಿತು. ಅವನು ಊರ ಗೌಂಡಿ, ಗೋಡೆ ಕಟ್ಟುವವನು. ಯಾವ ಮನೆಯ ತೊಲೆ ಇನ್ನೂ ಉಪಯೋಗಕ್ಕೆ ಬರುತ್ತದೆ, ಯಾವುದು ಕೊಳೆತಿದೆ ಎಂದು ನೋಡಿ ಹೇಳಲು ಮಂದಿ ಅವನನ್ನು ಕರೆದಿದ್ದರು. ಕೈಯಲ್ಲಿ ಅಳತೆಯ ದಾರದ ಉಂಡೆಯಿತ್ತು. ಅವನು ನಿಂತ. ಹೊನ್ನವ್ವ ತಿರುಗಿ ನೋಡಲಿಲ್ಲ. ಉತ್ತರ ಅವನಿಗೆ ಗೊತ್ತಿತ್ತು. ದಾರವನ್ನು ಬೆರಳಿಗೆ ಸುತ್ತಿಕೊಳ್ಳುತ್ತ, ಬಂದ ಹಾದಿಯಲ್ಲೇ ಹಿಂದಕ್ಕೆ ಹೋದ.

ಹೊಳೆಸಿರೂರು ತುಂಗಭದ್ರೆಯ ದಂಡೆಯ ಮೇಲಿನ ಊರು. ಐರಣಿಯಿಂದ ಕೆಳಗೆ, ಹೊಳೆ ಒಂದು ಸುತ್ತು ಬಳಸಿ ಹರಿಯುವಲ್ಲಿ ಇದೆ. ಊರಿನ ತಗ್ಗಿನ ತುದಿಗೆ ಹೊಳೆ ಹನುಮಪ್ಪನ ಗುಡಿ, ಗುಡಿಯ ಮುಂದೆ ಎರಡಾಳೆತ್ತರದ ಕಲ್ಲಿನ ದೀಪದ ಕಂಬ. ಕಂಬಕ್ಕೆ ಮೊಳಕ್ಕೊಂದರಂತೆ ದೀಪದ ಗೂಡುಗಳು. ಮೇಲಿನಿಂದ ಎರಡನೆಯ ಗೂಡಿನ ಹತ್ತಿರ ಬೆರಳು ಹಿಡಿಸುವಷ್ಟು ಆಳದ ಒಂದು ಅಡ್ಡಗೆರೆ. ಈಗಿರುವ ಯಾರೂ ಕಾಣದ ಕಾಲದಲ್ಲಿ ಬಂದ ದೊಡ್ಡ ಹೊಳೆ ಅಲ್ಲಿಯವರೆಗೆ ಏರಿತ್ತು. ನೀರು ಇಳಿದ ಮೇಲೆ, ಮೊದಲ ಅಮಾವಾಸ್ಯೆಯ ದಿನ, ಗೌಡರ ಮನೆಯವರು ಪೂಜೆ ಮಾಡಿ, ಗೌಂಡಿಯ ಮನೆಯವರು ಆ ಗೆರೆ ಕೊರೆದಿದ್ದರು. ಕೊರೆದವನು ಕುತುಬುದ್ದೀನನ ಮುತ್ತಜ್ಜ. ಅದಕ್ಕೇ ಇವತ್ತಿಗೂ ಗುಡಿಯಲ್ಲಿ ಒಡೆದ ಮೊದಲ ಕಾಯಿಯ ಒಂದು ಹೋಳು ಗೌಂಡಿಯ ಮನೆಗೆ ಬರುತ್ತದೆ.

ಹೊಳೆಸಿರೂರಿನ ಮಕ್ಕಳು ಎಣಿಕೆ ಕಲಿಯುವುದೇ ಆ ಗೂಡುಗಳ ಮೇಲೆ. ನೀರಿಗೂ ಗೆರೆಗೂ ನಡುವೆ ಮೂರು ಮೊಳ ಇದ್ದರೆ ದನ ಬಿಚ್ಚು, ಎರಡು ಮೊಳ ಇದ್ದರೆ ಕಾಳು ಹೊರು, ಒಂದು ಮೊಳ ಉಳಿಯಿತೆಂದರೆ ಹಿಂದೆ ನೋಡದೆ ಊರು ಬಿಡು. ಕೇರಿಯ ಯಾವ ಮೂಲೆಯಲ್ಲಿ ನಿಂತರೂ ಕಂಬ ಕಾಣುತ್ತದೆ. ಕಂಬ ನೋಡಿಯೇ ಊರು ಹೊಳೆಯ ಜೊತೆ ಬಾಳುವೆ ಮಾಡಿತ್ತು.

ಆ ವರ್ಷ, ಎರಡು ಸಾವಿರದ ಒಂಬತ್ತರಲ್ಲಿ, ದಸರೆಯ ಬನ್ನಿ ಮುಡಿದ ಮೂರನೇ ದಿನ ಹೊಳೆ ಬಂತು. ಕೇರಿಗೆ ನೀರು ನುಗ್ಗಿ ಕಣಕಾಲು ಮುಳುಗಿದಾಗಲೂ ಮಂದಿ ಕಂಬ ನೋಡಿದರು. ಎರಡೂವರೆ ಮೊಳ ಉಳಿದಿತ್ತು. ಹೊನ್ನವ್ವನ ಗಂಡ ಭರಮಣ್ಣ ತಾನೇ ಕೇರಿಯ ಕಟ್ಟೆ ಹತ್ತಿ ಕಂಬ ನೋಡಿ ಎಣಿಸಿ ಬಂದ. "ನೀ ಹುಡುಗ್ರನ್ನ ಕರ್ಕೊಂಡು ಶಾಲಿ ಕಡೆ ನಡಿ. ಎರಡೂವರಿ ಮೊಳ ಐತಿ. ಎಮ್ಮಿ ಬಿಚ್ಚಿ, ಜ್ವಾಳದ ಚೀಲ ಅಟ್ಟಕ್ಕ ಏರ್ಸಿ ಬರ್ತೇನಿ," ಎಂದ. ಎಮ್ಮೆ ಬಂತು. ಅವನು ಬರಲಿಲ್ಲ. ನೆನೆದ ಮಣ್ಣಿನ ಗೋಡೆ ಅವನ ಮೇಲೆ ಕುಸಿಯಿತು. ಎರಡು ದಿನಗಳ ನಂತರ ನೀರು ಇಳಿದಾಗ ಅವನನ್ನು ತೆಗೆದು ಹೊತ್ತು ತಂದ ನಾಲ್ವರಲ್ಲಿ ಕುತುಬುದ್ದೀನನೂ ಒಬ್ಬ.

ಊರಲ್ಲಿ ಬಿದ್ದ ಮನೆ ನೂರಾ ನಲವತ್ತು, ಸತ್ತವನು ಭರಮಣ್ಣ ಒಬ್ಬನೇ. ನೀರು ಕಂಬದ ಮೇಲೆ ಗೆರೆಗೆ ಅರ್ಧ ಮೊಳ ಕೆಳಗೆ ಬಂದು ನಿಂತು, ತಿರುಗಿತ್ತು. ಅದರ ಕಂದು ಕಲೆ ಇನ್ನೂ ಹಸಿಯಾಗಿತ್ತು.

*

ಮನೆ ಕಳೆದುಕೊಂಡವರೆಲ್ಲ ಮೂರು ಮೈಲಿ ದೂರದ ಎತ್ತರದ ಬರಡು ಮಡ್ಡಿಯ ಮೇಲೆ, ಶಾಲೆಯಲ್ಲಿ ಮತ್ತು ಅದರ ಸುತ್ತ ಹಾಕಿದ ತಗಡಿನ ಶೆಡ್ಡುಗಳಲ್ಲಿ ಇದ್ದರು. ಹಾವೇರಿಯಿಂದ ಬಂದ ಅಧಿಕಾರಿಗಳು ಒಂದು ಮಾತು ಹೇಳಿ ಹೋಗಿದ್ದರು. ಮಡ್ಡಿಯ ಮೇಲೆ ಸರ್ಕಾರ ಜಾಗ ಕೊಡುತ್ತದೆ, ಹೊರಗಿನ ಒಂದು ಸಂಸ್ಥೆ ಮನೆ ಕಟ್ಟಿಸಿ ಕೊಡುತ್ತದೆ. ಆದರೆ ಇಡೀ ಊರು ಬರಬೇಕು, ಅರ್ಧ ಊರಿಗಾಗಿ ಯಾರೂ ಊರು ಕಟ್ಟುವುದಿಲ್ಲ. ಬರುವುದಿಲ್ಲವಾದರೆ ಹಳೇ ಜಾಗದಲ್ಲೇ ಕಟ್ಟಿಕೊಳ್ಳಲು ಸಹಾಯ. ಯಾವುದೆಂದು ಊರೆಲ್ಲ ಕೂಡಿ ನಿರ್ಧರಿಸಿ ದೀಪಾವಳಿಯೊಳಗೆ ಠರಾವು ಬರೆದು ಕೊಡಿ.

ಆ ಭಾನುವಾರ ಬೆಳಿಗ್ಗೆ ಮಂದಿಯೆಲ್ಲ ಗುಡಿಯ ಅಂಗಳದಲ್ಲಿ ಸೇರಿದರು. ಕೆಸರು ಬಳಿದು ತೊಳೆದ ಹಾಸುಗಲ್ಲಿನ ಮೇಲೆ ಗಂಡಸರು, ಪೌಳಿಯ ನೆರಳಿಗೆ ಹೆಂಗಸರು. ಕುತುಬುದ್ದೀನ ಯಾವತ್ತಿನ ತನ್ನ ಜಾಗದಲ್ಲಿ, ಮೆಟ್ಟಿಲ ತುದಿಗೆ ಕುಳಿತಿದ್ದ. ಹುಡುಗನಾಗಿದ್ದಾಗಿನಿಂದ ಅದು ಅವನ ಜಾಗ. ಶ್ರಾವಣದ ತಿಂಗಳು ಪುರಾಣ ಓದುವಾಗ ಅಲ್ಲೇ ಕೂತು ಕೇಳುತ್ತಿದ್ದ. ಒಬ್ಬರು ಪದ್ಯವನ್ನು ರಾಗದಲ್ಲಿ ಎಳೆದು ಹಾಡಿ ನಿಲ್ಲಿಸುವುದು, ಇನ್ನೊಬ್ಬರು ಅದರ ಅರ್ಥ ಬಿಡಿಸುವುದು; ಆ ಎರಡರ ನಡುವಿನ ಒಂದು ಉಸಿರಿನ ಮೌನ ಅವನಿಗೆ ಬಹಳ ಇಷ್ಟ. ಮೊಹರಮ್ಮಿನ ಅಲಾಯಿ ಹಬ್ಬಕ್ಕೆ ತಾನೇ ಹೆಜ್ಜೆಯ ಪದ ಹಾಡುತ್ತಿದ್ದರೂ ಮಂದಿಯ ನಡುವೆ ಮಾತಾಡಿದವನಲ್ಲ. ಕೇಳುವವನು.

ಶಂಭುಲಿಂಗ ಮೊದಲು ಎದ್ದ. ಹಿಟ್ಟಿನ ಗಿರಣಿ ಇಟ್ಟವನು, ಈಗಿನ ಪುರಾಣ ಓದುವವನೂ ಅವನೇ.

"ಗೌಡ್ರ, ಹೊಳಿಗೆ ನಮ್ಮ ಮನಿ ಹಾದಿ ಗೊತ್ತಾತು. ಇನ್ನ ಅದು ಬರೂದು ಬಿಡೂದಿಲ್ಲ. ಕೊಡ್ತೇವಿ ಅಂದಾಗ ಮಡ್ಡಿಗೆ ಹೋಗಿಬಿಡೂಣು."

ಕೊಟ್ರಪ್ಪಗೌಡ ಕಂಬದ ಕಟ್ಟೆಗೆ ಬೆನ್ನು ಕೊಟ್ಟು ಕುಳಿತಿದ್ದ. ದೊಡ್ಡ ದನಿಯ ಮನುಷ್ಯ, ಆದರೆ ಹತ್ತು ದಿನಗಳಲ್ಲಿ ಮುಖ ಇಳಿದುಹೋಗಿತ್ತು.

"ಮಡ್ಡಿ ಮ್ಯಾಲೆ ಏನೈತ್ಯೋ ತಮ್ಮಾ? ಬೋರು ಹೊಡದ್ರ ಉಪ್ಪುನೀರು. ಎತ್ತು ಹೊಡ್ಕೊಂಡು ಮೂರು ಮೈಲಿ ನಡದು ಹೊಲಕ್ಕ ಬರೂದ್ರಾಗ ಹೊತ್ತು ನೆತ್ತಿಗೆ ಬಂದಿರತೈತಿ. ಹೆಣ್ಮಕ್ಕಳು ಬುತ್ತಿ ಹೊತ್ಕೊಂಡು ಎಷ್ಟು ಸಲ ತಿರಗಬೇಕು? ನಿನಗೇನಪಾ, ಗಿರಣಿ ಎಲ್ಲಿಟ್ರೂ ತಿರಗತೈತಿ."

ಒಂದಿಬ್ಬರು ನಕ್ಕರು. ಶಂಭುಲಿಂಗ ಬಿಡಲಿಲ್ಲ.

"ಗಿರಣಿ ನೀರಾಗ ತಿರಗೂದಿಲ್ರಿ. ಅದನ್ನೂ ನೋಡಿದ್ವಿ."

ಈ ಸಲ ಹೆಂಗಸರ ಕಡೆಯಿಂದ ನಗು ಬಂತು. ಅವರ ನಡುವಿನಿಂದ ಮಂಗಳವ್ವ ಕೋಲು ಊರಿ ಎದ್ದಳು. ಎಂಬತ್ತು ದಾಟಿದ ಮುದುಕಿ, ಊರಿನ ಹಾಡುಗಾರ್ತಿ.

"ನಮ್ಮತ್ತಿ ಹೇಳತಿದ್ಲಪಾ. ಆ ದೊಡ್ಡ ಹೊಳಿ ಬಂದಾಗ ನೀರು ಗೌಡ್ರ ಮನಿ ಹೊಸ್ತಿಲಾ ನೆಕ್ಕಿ ಹೊಳ್ಳಿ ಹೋತಂತ. ಈ ಸಲ ನಿಮ್ಮ ಮನಿ ಕಿಟಿಕ್ಯಾಗ ಹಾದು ಒಳಗ ಬಂದೈತಿ. ಅಂದ್ರ ಯಾವುದು ದೊಡ್ಡದಾತು, ಕೊಟ್ರಪ್ಪಾ?"

"ನಿಮ್ಮತ್ತಿ ದೆವ್ವ ಕಂಡೇನಿ ಅಂತನೂ ಹೇಳತಿದ್ಲು, ಚಿಗವ್ವ."

"ಕಂಡಿದ್ಲು ಬಿಡು. ನಿಮ್ಮಜ್ಜನ್ನ ನೋಡಿ ಹೇಳಿದ ಮಾತು ಅದು."

ಅಂಗಳವೆಲ್ಲ ನಕ್ಕಿತು, ಕೊಟ್ರಪ್ಪಗೌಡನೂ ನಕ್ಕ. ಬಹಳ ದಿನಗಳ ಮೇಲೆ ಊರು ಒಟ್ಟಿಗೆ ನಕ್ಕಿತ್ತು. ನಗು ನಿಂತ ಮೇಲೆ ಅವನು ಎದ್ದು ಕಂಬದ ಮೇಲೆ ಕೈಯಿಟ್ಟ.

"ಬಾಯಿಮಾತು ಬ್ಯಾಡ. ಇದು ಕಲ್ಲು. ಕಲ್ಲು ಸುಳ್ಳು ಹೇಳತೈತೇನು? ಹಿರೇರ ಗೆರಿ ಅಲ್ಲೈತಿ, ಈ ಸಲದ ನೀರು ಇಲ್ಲೈತಿ. ಅರ್ಧ ಮೊಳ ಕಡಿಮಿ. ಹಿರೇರು ಇದಕ್ಕಿಂತ ದೊಡ್ಡ ಹೊಳಿ ಕಂಡು, ಇದೇ ಜಾಗಾದಾಗ ಮತ್ತ ಊರು ಕಟ್ಟಿದ್ರು. ನೂರು ವರ್ಷ ಬಾಳ್ವಿ ಮಾಡಿದ್ರು. ನಾವು ಅವರಿಗಿಂತ ಸಣ್ಣ ನೀರಿಗೆ ಅಂಜಿ ಓಡೂಣೇನು?"

ಮಂದಿಯೆಲ್ಲ ತಲೆಯೆತ್ತಿ ಕಂಬ ನೋಡಿದರು. ಶಂಭುಲಿಂಗ ಕೂಡ ಗೆರೆಯನ್ನು ನೋಡಿ, ಕಲೆಯನ್ನು ನೋಡಿ, ಕುಳಿತುಕೊಂಡ.

"ಅಮಾಸಿ ದಿನ ಪದ್ಧತಿ ಪ್ರಕಾರ ಹೊಸಾ ಗೆರಿ ಕೊರ್ಸೂಣು," ಎಂದ ಗೌಡ. "ಆಮ್ಯಾಲೆ ಅದರ ಮುಂದ ಕುಂತು ಠರಾವು ಬರಿಯೂಣು. ಕುತುಬಣ್ಣ, ಚಾಣ ಮಸದು ಇಟ್ಕೋ."

ಕುತುಬುದ್ದೀನ ಕಾಲ ಕೆಳಗಿನ ಮೆಟ್ಟಿಲುಗಳನ್ನು ನೋಡುತ್ತಿದ್ದ. ಐದು ಮೆಟ್ಟಿಲು. ಮೊದಲು ಒಂದೇ ಇತ್ತು.

*

ಎಂಟು ವರ್ಷದ ಕೆಳಗೆ ಗುಡಿಯ ಜೀರ್ಣೋದ್ಧಾರ ಆಗಿತ್ತು. ಮುಂದಾಳು ಕೊಟ್ರಪ್ಪಗೌಡ, ಕೆಲಸ ಕುತುಬುದ್ದೀನನದು. ಮಳೆಗಾಲದಲ್ಲಿ ಅಂಗಳಕ್ಕೆ ನೀರು ನಿಲ್ಲುತ್ತದೆ, ದನ ಬಂದು ಕಂಬಕ್ಕೆ ಮೈ ತಿಕ್ಕುತ್ತವೆ, ಆದ್ದರಿಂದ ಅಂಗಳವನ್ನೆಲ್ಲ ಎತ್ತರಿಸಬೇಕು ಎಂದು ಊರು ನಿರ್ಧರಿಸಿತ್ತು. ಎರಡು ಮೊಳ ಮಣ್ಣು ತುಂಬಿ, ಮೇಲೆ ಹಾಸುಗಲ್ಲು ಹಾಕಿದರು. ಕಂಬವನ್ನು ಹೂತುಬಿಡಲಾದೀತೆ? ದೇವರ ಕಂಬ. ಬುಡ ಬಿಡಿಸಿ, ಹಗ್ಗ ಕಟ್ಟಿ, ಇಪ್ಪತ್ತು ಮಂದಿ ಜಯಕಾರ ಹಾಕುತ್ತ ಅದನ್ನು ಎತ್ತಿ, ಹೊಸ ಅಂಗಳದ ಮಟ್ಟಕ್ಕೆ ನಿಲ್ಲಿಸಿದರು. ತೂಗುಗುಂಡು ಬಿಟ್ಟು ನೋಡಿ, ಕೂದಲೆಳೆಯಷ್ಟೂ ವಾಲದಂತೆ ನಿಲ್ಲಿಸಿದವನು ಕುತುಬುದ್ದೀನ. ಅಂಗಳವೂ ಏರಿತ್ತು, ಕಂಬವೂ ಏರಿತ್ತು. ನೋಡುವವರ ಕಣ್ಣಿಗೆ ಏನೂ ಬದಲಾಗಿರಲಿಲ್ಲ. ಕೆಳಗಿನಿಂದ ಬರುವವರಿಗೆ ನಾಲ್ಕು ಮೆಟ್ಟಿಲು ಹೆಚ್ಚಾದವು, ಅಷ್ಟೆ.

ಕಂಬದ ಬುಡಕ್ಕೆ ಗಾರೆ ತುಂಬುವಾಗ ಅವನಿಗೆ ಅದು ಹೊಳೆದಿತ್ತು. ಗೆರೆಯೂ ಎರಡು ಮೊಳ ಮೇಲೆ ಹೋಯಿತು. ಹೊಳೆ ಅಲ್ಲೇ ಇದೆ. ಅಷ್ಟು ಕೆಳಗೆ ಇನ್ನೊಂದು ಗೆರೆ ಹೊಡೆಯಬೇಕಲ್ಲ ಎಂದುಕೊಂಡ. ಆದರೆ ಸುತ್ತ ಮಂದಿ ಕಾಯಿ ಒಡೆಯುತ್ತಿದ್ದರು, ಭಜನೆ ನಡೆದಿತ್ತು. ಹಿರಿಯರು ಕೊರೆಸಿದ ಗೆರೆಯ ಬಗ್ಗೆ ತಾನು ಯಾಕೆ ಮಾತಾಡಬೇಕು, ಗೊತ್ತಿದ್ದವರು ಹೇಳುತ್ತಾರೆ ಎಂದು ಸುಮ್ಮನಾದ. ಯಾರೂ ಹೇಳಲಿಲ್ಲ. ಪ್ರತಿಯೊಬ್ಬರೂ ಕಂಬವನ್ನು ಎತ್ತಿದವರೇ. ಗೆರೆಯನ್ನೂ ಎತ್ತಿದ್ದೇವೆ ಎಂದು ಯಾರಿಗೂ ತೋಚಲಿಲ್ಲ. ಆಮೇಲೆ ಅವನೂ ಮರೆತ.

"ಭರಮಣ್ಣನ್ನ ಹೊತ್ಕೊಂಡು ಗುಡಿ ಮುಂದ ಬಂದ್ವಲ್ಲ," ಎಂದು ಅವನು ಗುಡಿಯ ಸಭೆ ಮುಗಿದ ಮಧ್ಯಾಹ್ನ ಶೆಡ್ಡಿನಲ್ಲಿ ಹೆಂಡತಿಗೆ ಹೇಳಿದ. "ಮೆಟ್ಲಾ ಹತ್ತುಮುಂದ ಎಣಿಸಿದೆ. ಒಂದು, ಎರಡು, ಮೂರು... ಐದಕ್ಕ ನೆನಪಾತು."

ಹಸೀನಾಬಿ ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಿದಳು. "ಏನ್ ನೆನಪಾತು?"

ಅವನು ಎಲ್ಲವನ್ನೂ ಹೇಳಿದ. ಆಕೆ ಹಿಟ್ಟಿನ ಕೈಯಲ್ಲೇ ಸೆರಗು ಎಳೆದುಕೊಂಡು ಬಾಗಿಲ ಆಚೆ ನೋಡಿದಳು, ಯಾರಾದರೂ ಕೇಳಿಸಿಕೊಂಡರೇನೋ ಎಂದು.

"ಯಾ ಅಲ್ಲಾ. ಎರಡೂವರಿ ಅಂತ ಕಂಡಿದ್ದು..."

"ಖರೇ ಅಂದ್ರ ಅರ್ಧ ಮೊಳ ಉಳದಿತ್ತು. ಅಷ್ಟೊತ್ತಿಗೆ ಊರು ಖಾಲಿ ಆಗಿರಬೇಕಿತ್ತು. ನೀರು ಗೆರಿ ಮುಟ್ಟಿಲ್ಲ ಅಂತ ಗೌಡ್ರು ಹೇಳಾಕತ್ತಾರ. ಹಿರೇರ ಗೆರಿ ದಾಟಿ ಒಂದೂವರಿ ಮೊಳ ಮ್ಯಾಲೆ ಬಂದೈತಿ, ಹಸೀನಾ. ಇಂಥಾ ಹೊಳಿ ಈ ಊರು ಯಾವತ್ತೂ ಕಂಡಿಲ್ಲ."

"ಯಾರ ಮುಂದೂ ಹೇಳಬ್ಯಾಡ್ರಿ," ಎಂದಳು ಹಸೀನಾಬಿ, ಬಹಳ ಮೆಲ್ಲಗೆ. "ಗುಡಿ ಕಂಬಕ್ಕ ಸಾಬ ಕೈ ಹಚ್ಚಿದ, ಅದಕ್ಕ ಊರು ಮುಳುಗಿತು ಅಂತಾರ. ಎಲ್ಲಾರೂ ಅನ್ನೂದಿಲ್ಲ. ಒಬ್ಬ ಅಂದ್ರ ಸಾಕು."

ತವೆಯ ಮೇಲಿನ ರೊಟ್ಟಿ ಕರಕಾಯಿತು. ಇಬ್ಬರೂ ಅದನ್ನು ತೆಗೆಯಲಿಲ್ಲ.

*

ಎರಡು ದಿನ ಸುಮ್ಮನಿದ್ದು ಮೂರನೆಯ ದಿನ ಅವನು ಕೊಟ್ರಪ್ಪಗೌಡನ ಹೊಲಕ್ಕೆ ಹೋದ. ಹೊಳೆ ಹೊಲದ ಮೇಲೆ ಮೊಣಕಾಲುದ್ದ ಉಸುಕು ಹಾಸಿ ಹೋಗಿತ್ತು. ಗೌಡ ಪಂಪ್‌ಸೆಟ್ಟಿನ ಮನೆ ಇದ್ದ ಜಾಗದಲ್ಲಿ ಒಬ್ಬನೇ ಸಲಿಕೆ ಹಿಡಿದು ಅಗೆಯುತ್ತಿದ್ದ.

ಕುತುಬುದ್ದೀನ ಹೇಳಿ ಮುಗಿಸುವವರೆಗೂ ಅವನು ಸಲಿಕೆಯ ಹಿಡಿಯ ಮೇಲೆ ಗದ್ದವಿಟ್ಟು ಕೇಳಿದ. ಆಮೇಲೆ ಗುಡಿಯ ಕಡೆ ತಿರುಗಿ ನೋಡಿದ. ಅಲ್ಲಿಂದ ಮೆಟ್ಟಿಲುಗಳು ಕಾಣುತ್ತಿದ್ದವು. ಅವನ ತುಟಿಗಳು ಅಲುಗಿದವು. ಎಣಿಸುತ್ತಿದ್ದ.

"ಅಂಗಳಾ ಏರ್ಸು ಅಂದಾಂವ ನಾನು," ಎಂದ ಕಡೆಗೆ. "ಕಂಬಾ ಎತ್ತು ಅಂದಾಂವನೂ ನಾನ."

"ನಾನು ಬಾಯಿ ಬಿಟ್ಟು ಹೇಳಬೇಕಿತ್ರಿ."

"ನಿನಗೆ ಹೊಳದಿತ್ತು. ನನಗ ಹೊಳೀಲಿಲ್ಲ ನೋಡು." ಗೌಡ ಉಸುಕಿನ ಮೇಲೆ ಕುಳಿತ. "ಯಾರಿಗೆ ಹೇಳೀ?"

"ಹಸೀನಾಗ ಅಷ್ಟ."

"ಅಲ್ಲಿಗೆ ಬಿಡು. ಇದು ಇಲ್ಲಿಗೆ ಮುಗೀಲಿ. ನೀ ಹೇಳಿದ್ರ ಭರಮಣ್ಣ ಎದ್ದು ಬರೂದಿಲ್ಲ. ಊರು ಮಾತ್ರ ಏಳತೈತಿ. ಕೇಳು ಇಲ್ಲೆ. ನಾ ಹುಟ್ಟಿದಾಗಿಂದ ಈ ಹೊಳಿ ಸಪ್ಪಳಾ ಕೇಳಿ ಎದ್ದಾಂವ. ಮೊನ್ನಿ ಶೆಡ್ಡಿನಾಗ ಮಕ್ಕೊಂಡಾಗ ಎಚ್ಚರಾನ ಆಗವಲ್ದು, ನಿದ್ದಿನೂ ಬರವಲ್ದು. ನಮ್ಮವ್ವನ ಗದ್ದಿಗಿ ಆ ಬೇವಿನ ಗಿಡದ ಬುಡಕ ಐತಿ. ಆಕಿನ್ನ ಬಿಟ್ಟು ಮಡ್ಡಿ ಮ್ಯಾಲೆ ಹೋಗಿ ಏನ್ ಮಾಡ್ಲಿ? ಇಂಥಾ ನೀರು ಮತ್ತ ಬರೂದ್ರಾಗ ನಾವು ನೀವು ಯಾರೂ ಇರೂದಿಲ್ಲ."

"ಮಕ್ಕಳು ಇರ್ತಾವಲ್ರಿ."

ಗೌಡ ಸ್ವಲ್ಪ ಹೊತ್ತು ಉಸುಕನ್ನು ಮುಷ್ಟಿಯಲ್ಲಿ ಹಿಡಿದು ಬಿಡುತ್ತಿದ್ದ.

"ನಿನ್ನ ಮ್ಯಾಲೆ ಒಂದ ಮಾತು ಬರಾಕ ನಾ ಬಿಟ್ಟಿಲ್ಲ, ಇವತ್ತಿನ ತನಕ. ಗುಡಿ ಕೆಲಸಕ್ಕ ಹೊರಗಿನ ಗೌಂಡಿ ತರೂಣು ಅಂದಾಗ, ಇದು ಕುತುಬಣ್ಣನ ಮನಿ ಹಕ್ಕು ಅಂದಾಂವ ಯಾರು? ಆದ್ರ ಈ ಮಾತು ನೀನ ಬಾಯಿ ಬಿಟ್ರ ನಾ ತಡಿಯಾಕ ಆಗೂದಿಲ್ಲೋ. ಹೆದರ್ಸಾಕ ಹೇಳಾಕತ್ತಿಲ್ಲ. ಖರೇ ಹೇಳಾಕತ್ತೇನಿ."

ಅದು ಖರೆ ಎಂದು ಕುತುಬುದ್ದೀನನಿಗೂ ಗೊತ್ತಿತ್ತು. ಅವನು ಹೊರಟಾಗ ಗೌಡ ಹಿಂದಿನಿಂದ ಕೂಗಿ ಹೇಳಿದ: "ಅಮಾಸಿ ದಿನ ಬಾ. ಗೆರಿ ನೀನ ಕೊರೀಬೇಕು. ನಿಮ್ಮ ಮನೀದು ಅದು."

*

ಹೊನ್ನವ್ವ ದಿನಕರ್ಮ ಮುಗಿಸಿ, ಇಬ್ಬರು ಮಕ್ಕಳೊಡನೆ ಬ್ಯಾಡಗಿಗೆ ತನ್ನ ಅಣ್ಣನ ಮನೆಗೆ ಹೋಗಿದ್ದಳು. ಅಲ್ಲಿಂದ ತಿರುಗಿ ಬರುವಷ್ಟರಲ್ಲಿ ಹಳೇ ಜಾಗದಲ್ಲೇ ಬುನಾದಿ ಹಾಕಿಸಿ ಕೊಡುತ್ತೇನೆಂದು ಕೊಟ್ರಪ್ಪಗೌಡ ಮಾತು ಕೊಟ್ಟಿದ್ದ. ಅವನ ಮಾತು ಅಂದರೆ ಮಾತು. ಕುತುಬುದ್ದೀನ ಹಸೀನಾಬಿಗೆ ಹೇಳದೆ ಬೆಳಗಿನ ಬಸ್ಸು ಹತ್ತಿದ. ರಾಣೇಬೆನ್ನೂರಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿದ. ಕದರಮಂಡಲಗಿಯಲ್ಲಿ ಬಸ್ಸು ನಿಂತಾಗ ಸುತ್ತಲಿನವರು ಕೂತಲ್ಲಿಂದಲೇ ಹನುಮಪ್ಪನಿಗೆ ಕೈ ಮುಗಿದರು. ಕುತುಬುದ್ದೀನ ತೊಡೆಯ ಮೇಲೆ ಕೈಯಿಟ್ಟುಕೊಂಡು, ಹೇಳಬೇಕಾದ ಮಾತನ್ನು ಒಳಗೊಳಗೇ ಜೋಡಿಸುತ್ತಿದ್ದ. ಪದ್ಯದ ಸಾಲಾದರೆ ಒಂದಕ್ಕೊಂದು ತಾನಾಗಿ ಕೂಡುತ್ತದೆ. ಈ ಮಾತು ಕೂಡಲೇ ಇಲ್ಲ.

ಅವಳು ಒಂದು ಮೆಣಸಿನಕಾಯಿ ಗೋದಾಮಿನ ಅಂಗಳದಲ್ಲಿ ಇಪ್ಪತ್ತು ಹೆಂಗಸರ ನಡುವೆ ಕೂತು ತೊಟ್ಟು ಮುರಿಯುತ್ತಿದ್ದಳು. ಶೀತಲಗೃಹದಿಂದ ತೆಗೆದ ಹಿಂದಿನ ವರ್ಷದ ಕಾಯಿ, ಕೆಂಪಗೆ, ಸುಕ್ಕಾಗಿ, ರಾಶಿರಾಶಿಯಾಗಿ ಬಿದ್ದಿತ್ತು. ಎಲ್ಲರೂ ಮೂಗಿಗೆ ಸೆರಗು ಕಟ್ಟಿದ್ದರು. ಅವನನ್ನು ಕಂಡು ಹೊನ್ನವ್ವ ಎದ್ದು ಹೊರಗಿನ ಬೇಲಿಯ ಬಳಿ ಬಂದಳು.

"ಯಾಕ ಕುತುಬಣ್ಣ, ಬುನಾದಿ ಅಳತಿಗೆ ಬಂದೇನು? ಗೌಡ್ರು ಕಳ್ಸ್ಯಾರೇನು?"

"ಇಲ್ಲ, ತಂಗೆವ್ವ."

ಅವನು ಹೇಳಿದ. ನಿಂತು ನಿಂತು, ಮಧ್ಯೆ ಕೆಮ್ಮುತ್ತ, ಒಂದು ಮಾತು ಎರಡು ಸಲ ಹೇಳುತ್ತ. ಅಂಗಳ ಏರಿದ್ದು, ಕಂಬ ಏರಿದ್ದು, ತಾನು ಸುಮ್ಮನಿದ್ದದ್ದು. ಹೊನ್ನವ್ವನ ಬೆರಳುಗಳು ಕೈಯಲ್ಲಿದ್ದ ಒಂದು ಕಾಯಿಯ ತೊಟ್ಟನ್ನು ಮುರಿದು, ಮುರಿದ ತೊಟ್ಟನ್ನು ಮತ್ತೆ ಮುರಿಯುತ್ತಿದ್ದವು.

"ಅಂದ್ರ," ಎಂದಳು, "ಅಂವ ಎಣಿಸಿದ್ದು ಬರೋಬ್ಬರಿ ಇತ್ತು?"

"ಬರೋಬ್ಬರಿ ಇತ್ತು. ಕಂಬದ ಮ್ಯಾಲೆ ಎರಡೂವರೀನ ಇತ್ತು."

ಅವಳು ಬೇಲಿಯ ಗೂಟ ಹಿಡಿದುಕೊಂಡು ಮೆಲ್ಲಗೆ ಕೆಳಗೆ ಕುಳಿತಳು.

"ನಾ ಅವಗ ಬೈಯಾಕತ್ತಿದ್ನೋ ಅಣ್ಣಾ. ಹೆಣದ ಮ್ಯಾಲೆ ಬಿದ್ದು ಅಳೂಮುಂದ ಸೈತ ಮನಸಿನ್ಯಾಗ ಬೈದೇನಿ. ಕಣ್ಣಿಗೆ ಏನಾಗಿತ್ತೋ ನಿನಗ, ಎಣಿಸಾಕ ಬರತಿರಲಿಲ್ಲೇನು, ಸಣ್ಣ ಹುಡುಗ್ರು ಎಣಿಸ್ತಾವು ಅಂತ. ನಮ್ಮ ಅಣ್ಣನ ಹೆಂಡ್ತಿನೂ ಅದನ್ನ ಅಂದ್ಲು. ಕುಡದಿದ್ನೇನು ಅಂದ್ಲು. ನನಗ ಇಲ್ಲ ಅನ್ನಾಕ ಬಾಯಿ ಬರಲಿಲ್ಲ."

ಅವಳು ಅಳುತ್ತಿದ್ದಾಳೆಂದು ಅವನಿಗೆ ಕೂಡಲೇ ತಿಳಿಯಲಿಲ್ಲ. ಅಲ್ಲಿ ಎಲ್ಲರ ಕಣ್ಣೂ ಖಾರಕ್ಕೆ ಸುರಿಯುತ್ತಿದ್ದವು.

"ನನಗ ಬೈಯವ್ವ," ಎಂದ. "ಅವನ್ನ ಬಿಟ್ಟು ನನಗ ಬೈ."

ಹೊನ್ನವ್ವ ತಲೆಯೆತ್ತಿ ಅವನನ್ನು ನೋಡಿದಳು. ಬೈಯಲಿಲ್ಲ. ಕ್ಷಮಿಸಿದ್ದೇನೆ ಎಂದೂ ಹೇಳಲಿಲ್ಲ.

"ಇದನ್ನ ನನ್ನ ಮುಂದ ಹೇಳಿ ಹಗುರಾದ್ಯೇನು? ನಿನ್ನ ಮನಸಿಗೆ ನೆಮ್ಮದಿ ಆತು, ಹೋಗ್ತಿ. ನಾ ಏನ್ ಮಾಡ್ಲಿ ಇದನ್ನ ಇಟ್ಕೊಂಡು? ಗೌಡ್ರು ಬುನಾದಿ ಹಾಕಸ್ತಾರ, ನೀ ಗ್ವಾಡಿ ಕಟ್ತಿ. ನನ್ನ ಹುಡುಗ್ರು ಮತ್ತ ಅದೇ ಗೆರಿ ಎಣಿಸ್ಕೋತ ಅದೇ ಗ್ವಾಡಿ ಮಗ್ಗಲಿಗೆ ಮಕ್ಕೋಬೇಕೇನು?"

ಅವನು ಕಾಲ ಬಳಿ ಬಿದ್ದ ಮುರಿದ ತೊಟ್ಟುಗಳನ್ನು ನೋಡಿದ.

"ಅಮಾಸಿಗೆ ಬರ್ತೇನಿ," ಎಂದು ಅವಳು ಎದ್ದಳು. "ನನ್ನ ಮುಂದ ಹೇಳಿದ್ದು ಆತು. ಕಂಬದ ಮುಂದ ಏನ್ ಹೇಳ್ತಿ, ಅದನ್ನ ಕೇಳಬೇಕು ನನಗ."

*

ಅಮಾವಾಸ್ಯೆಯ ಬೆಳಿಗ್ಗೆ ಕಂಬಕ್ಕೆ ಹನ್ನೊಂದು ಕೊಡ ಹೊಳೆಯ ನೀರು ಸುರಿದರು. ಬುಡದಿಂದ ತುದಿಯವರೆಗೆ ವಿಭೂತಿ ಬಳಿದರು. ಹಿರಿಯರ ಗೆರೆಗೆ ಅರಿಶಿಣ ತುಂಬಿದರು. ಮಡ್ಡಿಯಿಂದ ಟ್ರ್ಯಾಕ್ಟರಿನಲ್ಲಿ, ಚಕ್ಕಡಿಯಲ್ಲಿ, ನಡೆದು, ಊರಿಗೆ ಊರೇ ಬಂದಿತ್ತು. ಅಂಗಳದಲ್ಲಿ ಜಾಗವಿಲ್ಲದೆ ಮೆಟ್ಟಿಲುಗಳ ಮೇಲೂ ಮಂದಿ ನಿಂತಿದ್ದರು. ಶಂಭುಲಿಂಗ ಠರಾವಿನ ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಪೌಳಿಯಲ್ಲಿ ಕುಳಿತಿದ್ದ. ಹೊಳೆ ಈಗ ತನ್ನ ಪಾತ್ರದಲ್ಲಿ ಸಣ್ಣಗೆ, ಏನೂ ಅರಿಯದಂತೆ ಹರಿಯುತ್ತಿತ್ತು.

ಮಂಗಳವ್ವ ಕಂಬಕ್ಕೆ ಆರತಿ ಎತ್ತಿ ಹಾಡಿದಳು. ಮೊದಲ ಗೆರೆ ಕೊರೆದ ದಿನ ಹೆಂಗಸರು ಹಾಡಿದ ಹಾಡಂತೆ ಅದು. ಅವಳ ಅತ್ತೆ ಅವಳಿಗೆ ಕಲಿಸಿದ್ದು.

ಗೆರಿಯ ಮುಟ್ಟ್ಯಾಳಂದ್ರ ಗುರುತೊಂದ ಹೇಳ್ಯಾಳ
ಸರಿದು ಹೋಗಂತ ಸೆರಗೊಡ್ಡಿ | ಗಂಗವ್ವ
ಮರಳಿ ಹೋಗ್ಯಾಳ ತವರೀಗಿ

ಮುದುಕಿಯ ದನಿ ನಡುಗುತ್ತಿತ್ತು, ಆದರೆ ಒಂದು ಅಕ್ಷರವೂ ಮಸುಕಾಗಲಿಲ್ಲ. ಕುತುಬುದ್ದೀನ ಈ ಹಾಡನ್ನು ಚಿಕ್ಕಂದಿನಿಂದ ಕೇಳಿದ್ದ, ಕೆಲಸ ಮಾಡುವಾಗ ತಾನೂ ಗುನುಗಿದ್ದ. ಸರಿದು ಹೋಗು ಎಂದು ಹೊಳೆಯ ಗಂಗವ್ವ ಊರಿಗೆ ಸೆರಗೊಡ್ಡಿ ಬೇಡುವ ಆ ಸಾಲು ಮಾತ್ರ ಇವತ್ತು ಹೊಸದಾಗಿ ಕೇಳಿಸಿತು.

ಕೊಟ್ರಪ್ಪಗೌಡ ಕಾಯಿ ಒಡೆದ. ಮೊದಲ ಕಾಯಿಯ ಒಂದು ಹೋಳನ್ನು ಪದ್ಧತಿಯಂತೆ ಕುತುಬುದ್ದೀನನ ಕೈಗೆ ಕೊಟ್ಟ. ಆಮೇಲೆ ನಿಚ್ಚಣಿಕೆ ಹತ್ತಿ, ನೀರಿನ ಕಲೆ ಇದ್ದಲ್ಲಿ, ಹಿರಿಯರ ಗೆರೆಗಿಂತ ಅರ್ಧ ಮೊಳ ಕೆಳಗೆ, ಇದ್ದಿಲಿನಿಂದ ಅಡ್ಡಕ್ಕೆ ಎಳೆದ. ಎಳೆದದ್ದು ಸ್ವಲ್ಪ ಸೊಟ್ಟಗಾಯಿತು. ಅದನ್ನು ಒರೆಸಿ ಮತ್ತೆ ಎಳೆದ. ಇಳಿದು ಬಂದು, ಮಂದಿಯ ಕಡೆ ತಿರುಗಿ, "ಎಲ್ಲಾರೂ ನೋಡ್ರಿ. ಇದು ಈ ವರ್ಷದ್ದು, ಅದು ಹಿರೇರದು," ಎಂದ. ದನಿ ಯಾವತ್ತಿನಷ್ಟು ದೊಡ್ಡದಿರಲಿಲ್ಲ.

"ಹೌದ್ರಿ, ಹೌದು," ಎಂದರು ಯಾರೋ. "ಕಡಿಮೀನ ಐತಿ." ಇನ್ನೊಬ್ಬರು, "ಬರಕೋಳಪಾ ಶಂಭುಲಿಂಗ, ಮಡ್ಡಿ ಬ್ಯಾಡ ಅಂತ," ಎಂದು ಕೂಗಿದರು. ಶಂಭುಲಿಂಗ ಪೆನ್ನಿನ ಟೊಪ್ಪಿ ತೆಗೆದ, ಬರೆಯಲಿಲ್ಲ. "ಮದಲ ಗೆರಿ ಬೀಳಲಿ," ಎಂದ.

ಕುತುಬುದ್ದೀನ ಚಾಣ, ಸುತ್ತಿಗೆ ಎತ್ತಿಕೊಂಡು ನಿಚ್ಚಣಿಕೆಯ ಬುಡಕ್ಕೆ ಬಂದ. ಮುತ್ತಜ್ಜನ ಚಾಣವೇ ಅದು. ಹಿಡಿಯುವ ಜಾಗ ನಾಲ್ಕು ತಲೆಮಾರಿನ ಬೆರಳಿಗೆ ಸವೆದಿತ್ತು. ಹೆಂಗಸರ ಗುಂಪಿನಲ್ಲಿ ಹಸೀನಾಬಿ ನಿಂತಿದ್ದಳು. ಗಂಡನ ಮುಖ ನೋಡಿ ಅವಳಿಗೆ ಏನೋ ತಿಳಿಯಿತು. ಸೆರಗಿನ ತುದಿಯನ್ನು ಹಲ್ಲಲ್ಲಿ ಕಚ್ಚಿದಳು.

ಅವನು ಹಿಂದೆ ನೋಡಿದ. ಹೊನ್ನವ್ವ ಬಂದಿದ್ದಳು. ಅಂಗಳಕ್ಕೆ ಏರಿರಲಿಲ್ಲ. ಎಲ್ಲರಿಗಿಂತ ಕೆಳಗೆ, ಮೊದಲನೆಯ ಮೆಟ್ಟಿಲಿನ ಮೇಲೆ, ಇಬ್ಬರು ಮಕ್ಕಳ ಕೈ ಹಿಡಿದು ನಿಂತಿದ್ದಳು. ಅವನ ಕಡೆ ನೋಡುತ್ತಿರಲಿಲ್ಲ. ಹಿರಿಯ ಮಗಳು ಕಂಬದ ಕಡೆ ಬೆರಳು ಮಾಡಿ, ಒಂದು, ಎರಡು ಎಂದು ಗೂಡುಗಳನ್ನು ತಮ್ಮನಿಗೆ ಎಣಿಸಿ ತೋರಿಸುತ್ತಿದ್ದಳು. ತಮ್ಮ ತಪ್ಪದೆ ಅವಳ ಹಿಂದೆ ಹೇಳುತ್ತಿದ್ದ. ಹೊನ್ನವ್ವ ಆ ಎಣಿಕೆಯನ್ನು ಕೇಳುತ್ತಿದ್ದಳು.

ಕೊಟ್ರಪ್ಪಗೌಡ ಹತ್ತಿರ ಬಂದು ಅವನ ಭುಜದ ಮೇಲೆ ಕೈಯಿಟ್ಟ. ಬೇರೆ ಯಾರಿಗೂ ಕೇಳಿಸದಂತೆ, ಬೇಡಿಕೊಳ್ಳುವವನ ಹಾಗೆ ಹೇಳಿದ:

"ಹತ್ತಪಾ ಕುತುಬಣ್ಣ. ಹೊತ್ತು ಮೀರಾಕತ್ತೈತಿ. ಒಂದ ಗೆರಿ. ಕೊರದು ಇಳದು ಬಾ. ನನ್ನ ಸಲುವಾಗಿ."

ಕುತುಬುದ್ದೀನ ನಿಚ್ಚಣಿಕೆಯಿಂದ ಕಾಲು ತೆಗೆದ. ಚಾಣವನ್ನೂ ಸುತ್ತಿಗೆಯನ್ನೂ ಹಾಸುಗಲ್ಲಿನ ಮೇಲೆ ಇಟ್ಟ. ಅವುಗಳ ಮೇಲೆ ತನಗೆ ಕೊಟ್ಟ ಕಾಯಿಯ ಹೋಳನ್ನು ಇಟ್ಟ. ಅಲಾಯಿ ಪದ ಹಾಡುವಾಗ ಮಾತ್ರ ಬರುವ ದನಿಯಲ್ಲಿ, ಕೆಳಗಿನ ಮೆಟ್ಟಿಲಿನವರೆಗೂ ಕೇಳುವಂತೆ ಹೇಳಿದ:

"ಕೊರಿಯೂದಿಲ್ರಿ, ಗೌಡ್ರ. ಈ ಗೆರಿ ಸುಳ್ಳು. ನಾ ಕೊರಿಯೂದಿಲ್ಲ."